ಬೀಳ್ಕೊಡುಗೆಯ ಎಸೆತ

ಸುಸಾಕಿ,
೧೯ ಸೆಪ್ಟೆಂಬರ್ ೨೦೧೪

ಪ್ರೀತಿಯ ತಮ್ಮ ಯೋಸುಕೆ,

ಹೇಗಿದ್ದೀಯ? ಬಲಭುಜ ಹೇಗಿದೆ ಅಂತ ಕೇಳಿದರೆ "ಇದೆಯಲ್ಲ ಅಕ್ಕ, ಕಿತ್ತು ಬಿದ್ದಿಲ್ಲ" ಅನ್ನುತ್ತೀಯ. ಅದಕ್ಕೇ ನಿನ್ನ ಹೆಂಡತಿಯನ್ನು ಕೇಳಿದೆ. ಮಗಳ ತಲೆ ಬಾಚಲೂ ಕೈ ಏಳುವುದಿಲ್ಲವಂತೆ. ಇಲ್ಲಿ ಅಪ್ಪ ಆರಾಮ. ಹುಲ್ಲುಬೆಂಕಿಯಲ್ಲಿ ಸುಟ್ಟ ಮೀನನ್ನು ಬೆಳ್ಳುಳ್ಳಿ ಜೊತೆ ತಿನ್ನುವಷ್ಟು ಹಲ್ಲು ಇನ್ನೂ ಉಳಿದಿವೆ.

ನಿನ್ನ ಬೇಸ್‌ಬಾಲ್ ತಂಡದ ಸುದ್ದಿ ಪತ್ರಿಕೆಯಲ್ಲಿ ಓದಿದೆ. ಎರಡು ವರ್ಷ ನಿನ್ನನ್ನು ಎರಡನೇ ತಂಡದಲ್ಲಿ, ಖಾಲಿ ಕುರ್ಚಿಗಳ ಮುಂದೆ ಒಣಗಿಸಿದವರಿಗೆ ಈಗ ಟಿಕೆಟ್ ಮಾರಲು ನಿನ್ನ ನೆನಪಾಗಿದೆ. ಬೀಳ್ಕೊಡುಗೆ ಪಂದ್ಯ, ಹೂಗುಚ್ಛ, ಭಾಷಣ. ನೀನು ಒಬ್ಬನೇ ಒಬ್ಬ ಬ್ಯಾಟ್ಸ್‌ಮನ್‌ಗೆ ಚೆಂಡು ಎಸೆಯಬೇಕು. ಅಷ್ಟಕ್ಕಾಗಿ ಭುಜಕ್ಕೆ ಮತ್ತೆ ಸೂಜಿ. ನೋವು ಸಾಯಿಸಿ ಎಸೆದರೆ ಉಳಿದ ಸ್ನಾಯುವಿನ ಎಳೆಯೂ ಹರಿದು ಆ ಕೈ ಮತ್ತೆ ಏಳುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನು, ಪಕ್ಕದ ಮನೆಯವರ ಕಥೆಯ ಹಾಗೆ ನೀನೇ ನನಗೆ ಫೋನಿನಲ್ಲಿ ಹೇಳಿದೆ. ಅದೂ ಯಾವ ಆಟಕ್ಕೆ? ಅಂಥ ದಿನ ಎದುರಿನವನು ಬೇಕೆಂದೇ ಮೂರು ಸಲ ಗಾಳಿಗೆ ಬ್ಯಾಟ್ ಬೀಸಿ ಔಟಾಗುತ್ತಾನೆ, ಅದು ಹಿರಿಯ ಆಟಗಾರನಿಗೆ ಕೊಡುವ ಮರ್ಯಾದೆ. ಎಲ್ಲರಿಗೂ ಗೊತ್ತು, ಎಲ್ಲರೂ ಅಳುತ್ತಾರೆ. ಸುಳ್ಳು ಔಟಿಗೆ ನಿಜವಾದ ಕೈ ಕೊಡುವುದೇ?

ನನಗೆ ಮರೆವು ಕಡಿಮೆ. ಹೈಸ್ಕೂಲಿನ ಆ ಬೇಸಿಗೆಯ ಪಂದ್ಯಗಳಲ್ಲಿ ದಿನದಿನವೂ ನಿನ್ನಿಂದಲೇ ಎಸೆಯಿಸಿದರು. ಮೊಣಕೈ ಊದಿ, ಊಟದ ಕಡ್ಡಿ ಹಿಡಿಯಲಾರದೆ ನೀನು ಚಮಚದಲ್ಲಿ ತಿಂದೆ. "ನೋವು ತಲೇಲಿರುತ್ತೆ ಕಣೋ, ಕೈಯಲ್ಲಲ್ಲ" ಎಂದರು ನಾಗಯಾಸು ಕೋಚ್. ಮೀನಂಗಡಿಯ ಓಕಾ, "ನಮ್ಮ ಹುಡುಗನ ಕೈ ಕಬ್ಬಿಣ ಕಣಮ್ಮ" ಅಂದ. "ಹಾಗಾದ್ರೆ ನಿಮ್ಮ ದೋಣಿಗೆ ಲಂಗರು ಮಾಡ್ಕೊಳ್ಳಿ" ಅಂದೆ. ವರ್ಷವಿಡೀ ನನಗೆ ಹಳಸಿದ ಮೀನೇ ಸಿಕ್ಕಿತು. ಗ್ರಂಥಾಲಯದಲ್ಲಿ ಯುದ್ಧಕಾಲದ ಪತ್ರಿಕೆಗಳನ್ನು ಓದಿದವಳು ನಾನು. ಹುಡುಗರನ್ನು ಸಾಯಲು ಕಳಿಸುವಾಗಲೂ ಇದೇ ಮಾತು, ಇದೇ ಹೂವು.

ಬೇಡ ಅಂದುಬಿಡು. ನಿನಗಿನ್ನೂ ಮೂವತ್ತೆಂಟು. ಹೆಂಡತಿಗೂ ಪುಟ್ಟಿಗೂ ನನ್ನ ಅಕ್ಕರೆ. ನೀನು ನೆಮ್ಮದಿಯಾಗಿ ನಿದ್ದೆ ಮಾಡುವಂತಾಗಲಿ.

ನಿನ್ನ ಅಕ್ಕ,
ಸುಮಿಯೆ

ಮತ್ತೆ: ಅಂಚೆಗೆ ಹೊರಟವಳನ್ನು ಅಪ್ಪ ಈಗ ತಡೆದು ಹೇಳಿದರು, "ನಿನ್ನೆ ತಂಡದವರು ಸಿಹಿ ಹಿಡ್ಕೊಂಡು ಬಂದಿದ್ರಮ್ಮ. ಎಸೀತಾನೆ ಅಂತ ನಾನೇ ಮಾತು ಕೊಟ್ಟೆ." ಅಪ್ಪನ ಮಾತು ಮುರಿಯುವವನಲ್ಲ ನೀನು. ಸೂಜಿ ಮಾತ್ರ ಚುಚ್ಚಿಸಿಕೊಳ್ಳಬೇಡ. ಎಡಗೈಯಲ್ಲಿ ಎಸೆ. ಚೆಂಡು ನೆಲದಲ್ಲಿ ಉರುಳಿಕೊಂಡು ಹೋದರೂ ಎದುರಿನವನು ಬ್ಯಾಟ್ ಬೀಸಲೇಬೇಕು.