ಅರ್ಧ ನಿಮಗೆ, ಅರ್ಧ ಗುಂಡನಿಗೆ

ಅಪ್ಪಾ,

ಬಾಗಿಲು ತೆಗೆದಾಗ ಗುಂಡ ಬಾಲ ಅಲ್ಲಾಡಿಸುತ್ತಾ ಬರುವುದಿಲ್ಲ, ಗಾಬರಿಯಾಗಬೇಡಿ. ಸೇತುವೆ ಪಕ್ಕದ ನಾಯಿ ಡಾಕ್ಟರ ಹತ್ತಿರ ಅವನನ್ನು ಕರೆದುಕೊಂಡು ಹೋಗುತ್ತಿದ್ದೇನೆ. ನೀವು ವಾಕಿಂಗಿಗೆ ಹೋದ ಮೇಲೆ ವಾಂತಿ ಮಾಡಿದ, ಈಗ ಎದ್ದು ನಿಲ್ಲಲೂ ಆಗುತ್ತಿಲ್ಲ. ಫೋನನ್ನು ಯಥಾಪ್ರಕಾರ ಮನೆಯಲ್ಲೇ ಬಿಟ್ಟು ಹೋಗಿದ್ದೀರಿ. ಅದಕ್ಕೇ ಈ ಚೀಟಿ ಅದರ ಕೆಳಗೆ.

ಸಕ್ಕರೆ ಬದಲು ನೀವು ಬಿಸ್ಕತ್ತಿಗೆ ಹಾಕಿದ ಪುಡಿ ಇದೆಯಲ್ಲ, ಝೈಲಿಟಾಲ್. ಹೆಸರು ಹೇಳಿದ್ದೇ ತಡ, ಡಾಕ್ಟರು ಫೋನಿನಲ್ಲೇ "ಮನುಷ್ಯರಿಗೆ ಪರವಾಗಿಲ್ಲಮ್ಮ, ನಾಯಿಗೆ ಅದು ವಿಷ. ಈಗಲೇ ಹೊರಡಿ" ಅಂದರು. ಆ ಪುಡಿಯಿಂದ ಕ್ಯಾನ್ಸರ್ ಬರುತ್ತಾ, ಹೊಟ್ಟೆ ಕೆಡುತ್ತಾ ಅಂತ ವಾರವಿಡೀ ನನ್ನ ತಲೆ ತಿಂದಿರಿ. ಇವನ ಯೋಚನೆ ನಮ್ಮಿಬ್ಬರಿಗೂ ಬರಲಿಲ್ಲ.

ಡಬ್ಬಿಯಲ್ಲಿ ಉಳಿದ ಬಿಸ್ಕತ್ತನ್ನು ಕಸಕ್ಕೆ ಹಾಕಿ. ಪಾಪ ಅಂತ ಬೀದಿ ನಾಯಿಗಳಿಗೆ ಹಾಕೀರಿ, ಜೋಕೆ! ಪುಡಿಯ ಪೊಟ್ಟಣ ನನ್ನ ಹತ್ತಿರ ಇದೆ. ಶುಗರ್ ಮಾತ್ರೆ ತಗೊಂಡು ತಿಂಡಿ ತಿನ್ನಿ. ಓಡಿ ಬರಬೇಡಿ, ನಿಮ್ಮ ಮಂಡಿ ಕೇಳುವುದಿಲ್ಲ.

ಆದರೆ ಎಲ್ಲಕ್ಕಿಂತ ಮೊದಲು ನನಗೆ ಫೋನ್ ಮಾಡಿ. ಅವನ ಹೊಟ್ಟೆಗೆ ಎಷ್ಟು ಹೋಗಿದೆ ಅಂತ ಡಾಕ್ಟರಿಗೆ ಗೊತ್ತಾಗಲೇಬೇಕಂತೆ. ಪ್ರತಿ ಬಿಸ್ಕತ್ತನ್ನೂ ಮುರಿದು ಅರ್ಧ ಅವನಿಗೆ ಕೊಡುತ್ತೀರಿ, ನನಗೆ ಗೊತ್ತು. ಕೇಳಿದಾಗಲೆಲ್ಲ "ಒಂದೇ ತಿಂದೆ ಕಣಮ್ಮ" ಅನ್ನುತ್ತೀರಿ, ಅದೂ ಗೊತ್ತು. ಇವತ್ತೊಂದು ದಿನ ಹಾಗನ್ನಬೇಡಿ. ಎಷ್ಟು ತಿಂದಿರಿ, ನಿಜ ಹೇಳಿಬಿಡಿ, ನಾನು ಬೈಯುವುದಿಲ್ಲ. ನೀವು ತಿಂದಷ್ಟನ್ನೇ ಅವನೂ ತಿಂದಿದ್ದಾನೆ.