ಕೊನೇ ಪುಟಕ್ಕೆ ಅವನ ಸಹಿ

ಚಿಕ್ಕಮ್ಮನ ಮನೆ
ಭಾನುವಾರ, ಬೆಳಗ್ಗೆ

ಅಪ್ಪಾ,

ಹೇಗಿದ್ದೀಯಾ? ಅಮ್ಮನ ಮಂಡಿ ನೋವು ಹೇಗಿದೆ? ಹೇಳದೆ ಬಂದದ್ದು ತಪ್ಪು, ಇಷ್ಟು ದಿನ ಬರೆಯದೆ ಇದ್ದದ್ದೂ ತಪ್ಪು. ಆದರೆ ಪೆನ್ನು ಹಿಡಿದರೆ ಬರೀ ಬೈಗುಳವೇ ಬರುತ್ತಿತ್ತು. ಈಗಲೂ ಪೂರ್ತಿ ನಿಂತಿಲ್ಲ.

ನನಗೆ ಆ ಲಂಬೂನ ಕಂಡರೆ ಹೊಟ್ಟೆ ಉರಿಯುತ್ತದೆ. ಮುಚ್ಚಿಡೋದು ಯಾಕೆ? ನಾನೂ ಅವನೂ ಇಬ್ಬರೂ ನಿನ್ನ ಕೈಕೆಳಗೇ ಪತ್ರಿಕೆಯ ಪುಟ ಕಟ್ಟೋದು ಕಲಿತವರು. ನಾನು ಶಾಲೆ ಬಿಟ್ಟು ಬಂದೆ, ಅವನು ಕಾಲೇಜು ಮುಗಿಸಿ ಬಂದ. ಆಫೀಸಿನಲ್ಲಿ ನಾನು ನಿನ್ನನ್ನು 'ಸಾರ್' ಅನ್ನಬೇಕಿತ್ತು. ಅವನ ಹೆಗಲ ಮೇಲೆ ಕೈ ಹಾಕಿಕೊಂಡು ನೀನು ಟೀಗೆ ಹೋಗುತ್ತಿದ್ದೆ. ಅವನು ಒಂದೇ ಸುದ್ದಿಯನ್ನು ಒಂದೇ ಪುಟದಲ್ಲಿ ಎರಡು ಸಲ ಕೂರಿಸಿದಾಗ ನೀನೇ ಸರಿಮಾಡಿ ಸುಮ್ಮನಾದೆ. ನಾನು ಮದುವೆ ಫೋಟೋದ ಕೆಳಗೆ ನಿಧನದ ಸಾಲು ಹಾಕಿದಾಗ ಇಡೀ ಆಫೀಸಿಗೆ ಕೇಳುವ ಹಾಗೆ ಬೈದೆ. ಸರಿ, ನನ್ನದು ಸ್ವಲ್ಪ ದೊಡ್ಡದೇ ಇತ್ತು.

ಹಳೇ ಯಜಮಾನರು ಪತ್ರಿಕೆಯನ್ನು ಆ ಕಂಪನಿಗೆ ಮಾರಿದಾಗಲೂ ನಾನು ಹೆದರಲಿಲ್ಲ. ಕುರ್ಚಿ ಬದಲಾದವು, ಕುತ್ತಿಗೆಗೆ ಕಾರ್ಡು ಬಂತು, ಪುಟಕ್ಕೆ ಇಬ್ಬರು ಯಾಕೆ, ಒಬ್ಬರು ಸಾಕು ಅಂದರು. ನಿನಗೆ ಹೇಗೂ ನಿವೃತ್ತಿ. ಉಳಿಯೋದು ನಾನೇ ಅಂದುಕೊಂಡಿದ್ದೆ. ಪುಟ ಅಚ್ಚಿಗೆ ಹೋಗುವ ಮುಂಚೆ ಅದರ ಮೇಲೆ ನಿನ್ನ ಸಹಿ ಬೀಳಬೇಕಿತ್ತು, ಬೇರೆ ಯಾರೂ ಹಾಕುವ ಹಾಗಿರಲಿಲ್ಲ. ನಿನ್ನ ಕೊನೇ ದಿನ, ಕೊನೇ ಪುಟ ಸಹಿಗೆ ಬಂದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ನನ್ನ ಮೂಗಿನ ಮುಂದೆಯೇ ಪೆನ್ನನ್ನು ದಾಟಿಸಿ ಲಂಬೂಗೆ ಕೊಟ್ಟೆ.

"ಇನ್ಮೇಲೆ ನೀನೇ ಹಾಕಪ್ಪ," ಅಂದೆ.

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಮಾರನೇ ದಿನ ನನ್ನ ಕಾರ್ಡು ವಾಪಸ್ ಕೇಳಿದರು.

ಇಲ್ಲಿ ಚಿಕ್ಕಮ್ಮ ಚೆನ್ನಾಗಿ ನೋಡಿಕೊಳ್ಳುತ್ತಾಳೆ. ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಸಿಕ್ಕಿದೆ. ದಿನಾ ನಿಮ್ಮ ಪೇಪರ್ ಬಿಡಿಸಿಕೊಂಡು ಲಂಬೂನ ತಪ್ಪು ಹುಡುಕುತ್ತೇನೆ. ಒಂದು ಸಿಕ್ಕರೂ ಸಾಕು, ಊಟ ರುಚಿಸುತ್ತದೆ.

ಮಾತ್ರೆ ಮರೆಯಬೇಡ. ಅಮ್ಮನಿಗೆ ನಮಸ್ಕಾರ. ನಿನಗೆ ಈ ಸಲ ಇಲ್ಲ. ನೀನು ಬೇಕಾದರೆ ಆಶೀರ್ವಾದ ಮಾಡು.

ನಿನ್ನ ಚಿಕ್ಕವಳು

ಇನ್ನೊಂದು ಮಾತು: ನಿನ್ನೆ ಲಂಬು ಇಲ್ಲಿಗೆ ಬಂದಿದ್ದ. ಒಳಗೆ ಕರೆಯಲಿಲ್ಲ.

"ಮ್ಯಾನೇಜರು ನಿನ್ನನ್ನೇ ಇಟ್ಕೊಳ್ಳೋಣ ಅಂದ್ರು ಕಣೇ," ಅಂದ. "ನಿಮ್ಮಪ್ಪನೇ ಬೇಡ ಅಂದ್ರು. ಮಗಳು ಅಂತ ಉಳಿಸ್ಕೊಂಡ್ರು ಅಂತ ಜನ ಆಡ್ಕೋತಾರಂತೆ."

ಅವನ ಕೆಲಸ ನನ್ನದಕ್ಕಿಂತ ಮೇಲು ಅಂತ ಅವನನ್ನು ಆರಿಸಿದೆ ಅಂದುಕೊಂಡು ಇಷ್ಟು ದಿನ ಉರಿಯುತ್ತಿದ್ದೆ, ಅಪ್ಪಾ. ಅದೇ ವಾಸಿ ಇತ್ತು. ನಾನು ಬೇರೆ ಯಾರದಾದರೂ ಮಗಳಾಗಿದ್ದಿದ್ದರೆ ನೀನು ನನ್ನನ್ನೇ ಇಟ್ಟುಕೊಳ್ಳುತ್ತಿದ್ದೆ.