ಮಗುಚಿಟ್ಟ ಭರಣಿ

ಜಯನಗರ ನಾಲ್ಕನೇ ಟಿ ಬ್ಲಾಕ್
ಶುಕ್ರವಾರ, ಆಗಸ್ಟ್ 22, 2025

ಪ್ರೀತಿಯ ಅಮ್ಮಾ,

ನಿನ್ನ ಹಣೆ ಹೇಗಿದೆ? ಕಪ್ಪಗಾಗಿದ್ದ ಆ ಜಾಗ ಇನ್ನೂ ತುರಿಸುತ್ತದೆಯೇ? ಬಿಳೇಕಹಳ್ಳಿಯ ಧೂಳಿಗೆ ನಿನ್ನ ಸೀನು ಹೆಚ್ಚಾಗಿಲ್ಲ ತಾನೇ? ಶುಭಾ ಚಿಕ್ಕಮ್ಮನ ಮನೆಯ ಮೆಟ್ಟಿಲು ಹತ್ತಿ ಇಳಿದು ಮಂಡಿ ನೋಯಿಸಿಕೊಳ್ಳಬೇಡ. ಚಿಕ್ಕಮ್ಮ ಹಣೆಗೆ ಸ್ಟಿಕ್ಕರ್ ಕೊಟ್ಟರೆ ಖಂಡಿತ ಇಟ್ಟುಕೊಳ್ಳಬೇಡ, ಅದರ ಅಂಟು ಇನ್ನೂ ಕೆಟ್ಟದ್ದು. ನೋಡು, ಮೊದಲ ಪುಟದಲ್ಲೇ ಉಪದೇಶ ಶುರುವಾಯಿತು. ಫೋನಿನಲ್ಲಾಗಿದ್ದರೆ ನೀನು ಇಷ್ಟು ಹೊತ್ತಿಗೆ ಇಟ್ಟುಬಿಡುತ್ತಿದ್ದೆ. ಅದಕ್ಕೇ ಈ ಕಾಗದ. ನಾಳೆ ಅಪ್ಪನ ಕೈಯಲ್ಲಿ ಕಳಿಸುತ್ತೇನೆ. ಅಪ್ಪ ಚೆನ್ನಾಗಿದ್ದಾರೆ. ಎಂಟು ದಿನದಿಂದ ನನ್ನ ಸಿರಿಧಾನ್ಯದ ಅಡುಗೆಯನ್ನೇ ಉಣ್ಣುತ್ತಿದ್ದಾರೆ. ನಿನ್ನೆ ಮಾತ್ರ, ‘ನವಣೆ ಚೆನ್ನಾಗಿದೆ ಮಗಳೇ, ಆದ್ರೆ ಹಕ್ಕಿಗಳಿಗೂ ಸ್ವಲ್ಪ ಬಿಡೋಣ’ ಅಂದರು.

ನಾನು ಮಾಡಿದ್ದೆಲ್ಲ ತಪ್ಪು ಎಂದು ಒಪ್ಪಿಕೊಳ್ಳಲು ಬರೆಯುತ್ತಿಲ್ಲ. ಫಿನಾಯಿಲ್ ಹೋದದ್ದು ಸರಿ. ಬೀರುವಿನ ನುಸಿಗುಳಿಗೆ, ಸೊಳ್ಳೆಬತ್ತಿ, ಬಿಸಿ ಸಾರು ಸುರಿದು ಸುರಿದು ಹಳದಿಯಾದ ಪ್ಲಾಸ್ಟಿಕ್ ಡಬ್ಬಗಳು, ಕಪ್ಪು ಸುಲಿದುಹೋದ ನಾನ್‌ಸ್ಟಿಕ್ ಕಾವಲಿ, ಇವೆಲ್ಲ ಹೋದದ್ದೂ ಸರಿ. ಆ ಕಾವಲಿಯ ಕಪ್ಪೆಲ್ಲ ಎಲ್ಲಿಗೆ ಹೋಯಿತು ಎಂದು ನಾನು ಕೇಳಿದಾಗ ನೀನು, ‘ದೋಸೆ ಜೊತೆ ಹೋಯ್ತು, ನೀನು ಬೆಳೀಲಿಲ್ವಾ’ ಅಂದೆಯಲ್ಲ, ಅದಕ್ಕೆ ಇವತ್ತಿಗೂ ನನ್ನ ಹತ್ತಿರ ಉತ್ತರವಿದೆ. ಈಗ ಬೇಡ. ಭಾನುವಾರದ ಸಾವಯವ ಸಂತೆಯಲ್ಲಿ ಹಂಚುವ ಕರಪತ್ರಗಳನ್ನು ನೀನು ‘ಸುರಭಿಯ ನಾಲ್ಕು ವೇದ’ ಎಂದು ಬಂದವರಿಗೆಲ್ಲ ತೋರಿಸಿ ನಗುತ್ತಿದ್ದೆ. ನಿನಗೆ ಗೊತ್ತಿಲ್ಲದ್ದೊಂದಿದೆ. ನಾನು ಅವನ್ನು ಓದಲು ಶುರುಮಾಡಿದ್ದೇ ನಿನ್ನ ಹಣೆ ನೋಡಿ. ಪೂಜೆಗೆ ಕೂತಾಗ ನೀನು ಯಾರಿಗೂ ಕಾಣದ ಹಾಗೆ ಸೆರಗಿನಿಂದ ಹಣೆ ಒತ್ತಿಕೊಳ್ಳುವುದನ್ನು ಯುಗಾದಿಯಿಂದ ನೋಡುತ್ತಿದ್ದೆ. ಡಾಕ್ಟರಿಗೆ ತೋರಿಸೋಣವೆಂದರೆ, ‘ಹಣೆ ತುರಿಸಿದ್ದಕ್ಕೆಲ್ಲ ಯಾರಾದ್ರೂ ಡಾಕ್ಟ್ರ ಹತ್ರ ಓಡ್ತಾರಾ’ ಎಂದು ತಳ್ಳಿಹಾಕಿದೆ. ಅಂಗಡಿಯ ಕುಂಕುಮಕ್ಕೆ ಬಟ್ಟೆಯ ಬಣ್ಣ ಬೆರೆಸಿರಬಹುದು, ಸೀಸವೂ ಇರಬಹುದು ಎಂದು ಓದಿದ ದಿನ ನನಗೆ ಊಟ ಸೇರಲಿಲ್ಲ. ದಿನಾ ಬೆಳಿಗ್ಗೆ ಕನ್ನಡಿ ಮುಂದೆ ನಿಂತು, ನಗುನಗುತ್ತಾ ಅದನ್ನೇ ನೀನು ಇಟ್ಟುಕೊಳ್ಳುತ್ತಿದ್ದೆ.

ಅದಕ್ಕೇ ಹೋದ ವಾರ ಗುರುವಾರ, ನೀನು ರಾಯರ ಮಠಕ್ಕೆ ಹೋಗಿದ್ದಾಗ, ದೇವರ ಮನೆಯ ಬೆಳ್ಳಿ ಭರಣಿ ತೆರೆದೆ. ಒಳಗಿದ್ದ ಕುಂಕುಮವನ್ನೆಲ್ಲ ಹಳೆಯ ಪೇಪರಿನಲ್ಲಿ ಸುರಿದು ಸುತ್ತಿದೆ. ಕಾಂಪೋಸ್ಟ್ ಮಡಕೆಗೆ ಹಾಕಲಿಲ್ಲ, ಹುಳುಗಳು ಸಾಯುತ್ತವೆ ಎಂದು. ಪೊಟ್ಟಣದ ಮೇಲೆ ಕೆಂಪು ಪೆನ್ನಿನಲ್ಲಿ ಅಡ್ಡಗುರುತು ಎಳೆದು ಕಸದ ಆಟೋದವರಿಗೆ ಕೊಟ್ಟೆ. ಮುಟ್ಟಿನ ಬಟ್ಟೆ ಬಿಸಾಡುವಾಗ ಹಾಕುವ ಗುರುತು, ಅಮ್ಮಾ. ಆಗ ಏನೂ ಅನ್ನಿಸಲಿಲ್ಲ. ಭರಣಿಯನ್ನು ಅಂಟುವಾಳದ ನೀರಿನಲ್ಲಿ ತೊಳೆದು, ಒಣಗಲಿ ಎಂದು ಅಡುಗೆಮನೆಯ ಕಟ್ಟೆಯ ಮೇಲೆ ಮಗುಚಿಟ್ಟೆ. ನೀನು ಬಂದು ಕೂಗಾಡುತ್ತೀಯ ಎಂದುಕೊಂಡಿದ್ದೆ. ಕರಪತ್ರ ಕೈಯಲ್ಲೇ ಇತ್ತು. ನೀನು ಕೂಗಲಿಲ್ಲ. ಭರಣಿಯನ್ನು ನೆಟ್ಟಗೆ ಮಾಡಿ, ಒಳಗೆ ಬೆರಳಾಡಿಸಿ, ಬೆರಳು ನೋಡಿಕೊಂಡೆ. ‘ಎಲ್ಲಾ ಆಚೆ ಹಾಕಾಯ್ತಲ್ಲ ಸುರಭಿ. ಇನ್ನು ಉಳಿದಿರೋದು ನಾನೊಬ್ಳು. ನಾನೂ ಹಳೇ ಪ್ಲಾಸ್ಟಿಕ್ಕೇ’ ಅಂದೆ. ಎರಡು ಸೀರೆ ಚೀಲಕ್ಕೆ ತುಂಬಿಕೊಂಡು ಚಿಕ್ಕಮ್ಮನ ಮನೆಗೆ ಹೊರಟುಬಿಟ್ಟೆ.

ಆಮೇಲೆ ಅಪ್ಪ ಹೇಳಿದರು. ಆ ಭರಣಿ ಅವರ ಅಜ್ಜಿಯದಂತೆ. ಅಜ್ಜಿಯಿಂದ ನಮ್ಮಜ್ಜಿಗೆ, ನಮ್ಮಜ್ಜಿಯಿಂದ ನಿನಗೆ ಬಂದದ್ದು. ತಳದಲ್ಲಿ ಎರಡು ಬೆರಳಷ್ಟು ಉಳಿದಿರುವಾಗಲೇ ಮೇಲೆ ಹೊಸದನ್ನು ತುಂಬುತ್ತಿದ್ದರಂತೆ, ಅದು ಬರಿದಾದದ್ದನ್ನು ಯಾರೂ ನೋಡಿಲ್ಲವಂತೆ. ‘ಮೊಸರಿಗೆ ಹೆಪ್ಪು ಇಟ್ಟ ಹಾಗೆ ಕಣೇ’ ಅಂದರು. ಇನ್ನೂ ಒಂದು ಮಾತು ಹೇಳಿದರು. ನಮ್ಮಜ್ಜಿ ಇರುವವರೆಗೂ ಪ್ರತಿ ವರ್ಷ, ನಾನು ಶಾಲೆಗೋ ಕಾಲೇಜಿಗೋ ಹೋದ ಹೊತ್ತಿನಲ್ಲಿ, ನೀನೂ ಅವರೂ ಕೂತು ಅರಿಸಿನದ ಕೊಂಬು, ನಿಂಬೆರಸ, ಬಿಳಿಗಾರ ಹಾಕಿ ಕುಂಕುಮವನ್ನು ಮನೆಯಲ್ಲೇ ಮಾಡುತ್ತಿದ್ದಿರಂತೆ. ಆರು ವರ್ಷದ ಹಿಂದೆ ಅಜ್ಜಿ ಹೋದ ಮೇಲೆ ನಿನಗೆ ಒಬ್ಬಳೇ ಕುಟ್ಟಲು ಮನಸ್ಸಾಗಲಿಲ್ಲ, ಅಂಗಡಿಯ ಪೊಟ್ಟಣ ತಂದು ಮೇಲೆ ಸುರಿದೆ. ಅಂದರೆ ತಳದಲ್ಲಿದ್ದದ್ದು ಅಜ್ಜಿಯ ಕೈಯದು. ನಾನು ಯಾವುದಕ್ಕಾಗಿ ಇಡೀ ಮನೆಯನ್ನು ಬುಡಮೇಲು ಮಾಡಿದೆನೋ ಅದು ಆ ಭರಣಿಯ ತಳದಲ್ಲೇ ಇತ್ತು. ಅದರ ಮೇಲೆಯೇ ಕೆಂಪು ಗುರುತು ಹಾಕಿದೆ. ಮೊದಲು ನಿನ್ನ ಮೇಲೆ ಸಿಟ್ಟು ಬಂತು, ಒಂದು ಸಲವಾದರೂ ಹೇಳಬಾರದಿತ್ತೇ ಎಂದು. ಆಮೇಲೆ ಜ್ಞಾಪಕವಾಯಿತು. ನೀನು ಏನಾದರೂ ಹೇಳಲು ಬಾಯಿ ತೆರೆದಾಗಲೆಲ್ಲ ನಾನು ಕರಪತ್ರ ಓದಿ ಹೇಳುತ್ತಿದ್ದೆ.

ನಾನೇ ಮಾಡಿಬಿಡೋಣ ಎಂದು ಹೊರಟೆ. ಸಾರಕ್ಕಿ ಮಾರ್ಕೆಟ್ಟಿನಿಂದ ಅರಿಸಿನದ ಕೊಂಬು ತಂದು ಕುಟ್ಟಿದೆ, ನಿಂಬೆಹಣ್ಣು ಹಿಂಡಿದೆ. ಬಿಳಿಗಾರವನ್ನು ಮಾತ್ರ ಬಿಟ್ಟೆ, ಯಾಕೆಂದರೆ ಬೋರಾಕ್ಸ್ ಎಂಬ ಹೆಸರಿನಲ್ಲಿ ಅದು ನನ್ನ ಬೇಡದ ಪಟ್ಟಿಯಲ್ಲಿದೆ. ಮೂರು ದಿನ ನೆರಳಲ್ಲಿ ಒಣಗಿಸಿದರೂ ಅರಿಸಿನ ಅರಿಸಿನವಾಗಿಯೇ ಇತ್ತು. ಅಪ್ಪ ತಟ್ಟೆ ಮೂಸಿ ನೋಡಿ, ‘ಚಿತ್ರಾನ್ನಕ್ಕಾಗುತ್ತೆ ಬಿಡು’ ಅಂದರು. ಇನ್ನೊಂದು ಸಲ ವೀಳ್ಯದೆಲೆಯ ಸುಣ್ಣ ಕಲಸಿದೆ. ಕೆಂಪಗಾಯಿತು, ಕುಣಿದಾಡಿದೆ. ಮಾರನೆಯ ದಿನ ಅದು ಇಟ್ಟಿಗೆಪುಡಿಯ ಹಾಗೆ ಕಂದಿತ್ತು.

ತಂಗೆವ್ವ ಬಿಟಿಎಂ ಲೇಔಟಿನಿಂದ ಪಾತ್ರೆ ತಿಕ್ಕಲು ದಿನಾ ಬರುತ್ತಿದ್ದಾಳೆ. ಅವಳ ಸುದ್ದಿಯೊಂದಿದೆ. ಪಾತ್ರೆಗಳು ಇಷ್ಟು ಫಳಫಳ ಎನ್ನುವುದು ನನ್ನ ಅಂಟುವಾಳದಿಂದ ಎಂದು ನಾನು ಫೋಟೋ ತೆಗೆದು ಎಲ್ಲರಿಗೂ ಕಳಿಸಿದ್ದೆನಲ್ಲ? ಸೋಮವಾರ ಅವಳು ಸೊಂಟದಿಂದ ಸೋಪಿನ ಪುಡಿಯ ಪೊಟ್ಟಣ ತೆಗೆಯುವಾಗ ಹಿಡಿದೆ. ‘ಯವ್ವಾ, ನಿನ್ನ ಅಂಟುವಾಳಕ್ಕ ಜಿಡ್ಡು ಅಂಜಂಗಿಲ್ಲ. ನನ್ನ ರಟ್ಟಿ ಮುರದ್ರ ಅಂಜತೈತಿ. ನಿನ್ನ ಮನಿ ಚಲೋ ಇರಲಿ, ನನ್ನ ರಟ್ಟೀನೂ ಇರಲಿ’ ಅಂದಳು. ನನ್ನ ಯಾವ ಕರಪತ್ರದಲ್ಲೂ ಪಾತ್ರೆ ತಿಕ್ಕುವವಳ ರಟ್ಟೆಯ ಮಾತಿಲ್ಲ. ಎರಡು ದಿನ ನಾನೇ ಬಾಣಲೆ ತಿಕ್ಕಿ ನೋಡಿದೆ. ಅವಳು ಹೇಳಿದ್ದು ನಿಜ. ಈಗ ಜಿಡ್ಡಿನ ಪಾತ್ರೆಯನ್ನು ನಾನೇ ಮೊದಲು ಬಿಸಿನೀರಿನಲ್ಲಿ ಬೂದಿ ಹಾಕಿ ನೆನೆಸಿಡುತ್ತೇನೆ. ನೀನು ಯಾಕೆ ಬರುತ್ತಿಲ್ಲ ಎಂದು ಅವಳು ಕೇಳಿದಾಗ ಭರಣಿಯ ಕಥೆ, ಹೆಪ್ಪಿನ ಮಾತು, ಎಲ್ಲ ಹೇಳಿದೆ. ಬೈಯಲಿಲ್ಲ. ಗುಡಿಸಿದ್ದ ಜಾಗವನ್ನೇ ಇನ್ನೊಂದು ಸಲ ಗುಡಿಸಿದಳು. ಅವಳು ಬೈದಿದ್ದರೇ ಚೆನ್ನಾಗಿತ್ತು.

ವಿಷವಿಲ್ಲದ ಮನೆ ಬೇಕು ಎಂಬ ನನ್ನ ಹಟ ಹೋಗಿಲ್ಲ ಅಮ್ಮಾ, ಹೋಗುವುದೂ ಇಲ್ಲ. ಆದರೆ ಈ ಎಂಟು ದಿನ ಮನೆ ಎಷ್ಟು ಶುದ್ಧವಾಗಿದೆಯೆಂದರೆ ಸಂಜೆ ದೀಪ ಹಚ್ಚಲು ಹೋದರೆ ದೇವರ ಮನೆಯಲ್ಲಿ ಯಾವ ವಾಸನೆಯೂ ಇಲ್ಲ. ನಿನ್ನ ಕರ್ಪೂರದ್ದೂ ಇಲ್ಲ. ಅಪ್ಪ ದಿನಕ್ಕೆರಡು ಸಲ ಆ ಬಾಗಿಲಿಗೆ ಹೋಗಿ ಇಣುಕಿ ಬರುತ್ತಾರೆ, ಏನೋ ಮರೆತವರ ಹಾಗೆ.

ಚಿಕ್ಕಮ್ಮನಿಗೆ ನನ್ನ ನಮಸ್ಕಾರ ಹೇಳು. ಅಪ್ಪನ ಚೀಲದಲ್ಲಿ ಅಲೋವೆರಾದ ಎರಡು ಎಲೆ ಇಟ್ಟಿದ್ದೇನೆ. ಮೊದಲು ಮುಂಗೈಗೆ ಹಚ್ಚಿ ನೋಡಿ, ಆಮೇಲೆ ಹಣೆಗೆ ಹಚ್ಚು. ಬೈಯುವುದಿದ್ದರೆ ಬೈದು ಬರೆ. ನಿನ್ನ ಕಾಲಿಗೆ ಬೀಳುತ್ತೇನೆ.

ನಿನ್ನ ಮಗಳು,
ಸುರಭಿ

ತಾ.ಕ.: ಕಾಗದ ಮಡಚುವಷ್ಟರಲ್ಲಿ ತಂಗೆವ್ವ ಬಂದಳು. ಇವತ್ತು ಶುಕ್ರವಾರ, ಹೊರಡುವಾಗ ನೀನು ಕೊಡುವ ಹಾಗೆ ಅವಳ ಕೈಗಿಡಲು ನನ್ನ ಹತ್ತಿರ ಕುಂಕುಮವಿಲ್ಲ. ನಾನು ತಲೆ ತಗ್ಗಿಸಿ ನಿಂತಿದ್ದರೆ ಅವಳೇ ಸೆರಗಿನ ಗಂಟು ಬಿಚ್ಚಿದಳು. ‘ಅಕ್ಕಾರು ಶುಕ್ರವಾರಕ್ಕೊಮ್ಮೆ ಕಟ್ಟಿ ಕೊಡೂದು, ಹಚ್ಚಿಕೊಂಡು ಉಳದದ್ದು ಡಬ್ಬ್ಯಾಗ ಹಾಕ್ಕೋತ ಬಂದೇನಿ. ನಿಮ್ಮಜ್ಜಿ ಕೊಟ್ಟಿದ್ದೂ ಇದರಾಗ ಐತಿ. ಕೊಟ್ಟಿದ್ದನ್ನ ಚೆಲ್ಲೂದಿಲ್ಲವ್ವಾ ನಾವು. ತಗೋ, ಹೆಪ್ಪಿಗೆ ಸಾಕು.’ ಒಂದು ಚಿಟಿಕೆ. ಅದರಲ್ಲಿ ಅಂಗಡಿಯ ಬಣ್ಣವೂ ಬೆರೆತಿದೆ, ನನಗೆ ಗೊತ್ತು. ಭರಣಿಗೆ ಹಾಕಿದೆ, ಅದರಿಂದಲೇ ಮೊದಲು ಅವಳ ಹಣೆಗಿಟ್ಟೆ. ನೀನು ಮಾತ್ರ ಹಣೆ ವಾಸಿಯಾಗುವವರೆಗೆ ಇಟ್ಟುಕೊಳ್ಳಕೂಡದು. ಭರಣಿಯ ತಳವೂ ಮುಚ್ಚಿಲ್ಲ. ಮಂಗಳವಾರ ಗೌರಿಹಬ್ಬ. ಈಗಷ್ಟೇ ಹೋಗಿ ಬಿಳಿಗಾರ ತಂದಿಟ್ಟಿದ್ದೇನೆ, ಕೊಂಬೂ ಇದೆ, ನಿಂಬೆಹಣ್ಣೂ ಇದೆ. ಹಬ್ಬಕ್ಕೆ ಒಣಗದಿದ್ದರೆ ದಸರೆಗಾಗಲಿ. ಎಷ್ಟು ಹಾಕಬೇಕು ಎಂದು ಬರೆದು ಕಳಿಸಬೇಡ. ಬಂದು ಹಾಕು.